ಲಿಫ್ಟ್ ಎಲ್ಲಿಡೋದು?

ಎತ್ತರದ ಆಫೀಸ್ ಕಟ್ಟಡದಲ್ಲಿ ಕರೆಂಟ್ ಉಳಿಸುವ ಮಾತು ಬಂದರೆ ಎಲ್ಲರೂ ಗಾಜಿನ ಬಗ್ಗೆಯೇ ಮಾತಾಡುತ್ತಾರೆ. ನನ್ನ ಕೇಳಿದರೆ, ಮೊದಲು ನೋಡಬೇಕಾದ್ದು ಲಿಫ್ಟ್ ಎಲ್ಲಿದೆ ಅಂತ. ಲಿಫ್ಟ್, ಮೆಟ್ಟಿಲು, ಶೌಚಾಲಯ, ಪೈಪುಗಳೆಲ್ಲ ಸೇರಿದ ಗಟ್ಟಿ ಭಾಗಕ್ಕೆ ಕಟ್ಟುವವರು ‘ಕೋರ್’ ಅನ್ನುತ್ತಾರೆ. ಸಾಮಾನ್ಯವಾಗಿ ಅದು ನಟ್ಟನಡುವೆ ಇರುತ್ತದೆ. ಸುತ್ತ ಆಫೀಸು, ಅದರಾಚೆ ಗಾಜು. ಜಾಗದ ಲೆಕ್ಕಕ್ಕೆ ಅದು ಸರಿ. ಬಿಸಿಲಿನ ಲೆಕ್ಕ ಮಾತ್ರ ಊರಿಂದ ಊರಿಗೆ ಬೇರೆ.

ಮಲೇಷ್ಯಾದ ಸುಬಾಂಗ್ ಜಯದಲ್ಲಿ ಮೆನಾರಾ ಮೆಸಿನಿಯಾಗ ಎಂಬ 15 ಮಹಡಿಯ ಕಟ್ಟಡವಿದೆ. 1992ರಲ್ಲಿ ಮುಗಿದದ್ದು. ವಾಸ್ತುಶಿಲ್ಪಿ ಕೆನ್ ಯಾಂಗ್ ಲಿಫ್ಟು, ಮೆಟ್ಟಿಲನ್ನೆಲ್ಲ ಪೂರ್ವದ ಅಂಚಿಗೆ ತಳ್ಳಿಬಿಟ್ಟರು. ಯಾಕೆ? ಆ ಜಾಗ ಭೂಮಧ್ಯರೇಖೆಗೆ ತೀರಾ ಹತ್ತಿರ. ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆ ಇರುತ್ತಾನೆ, ಬಿಸಿಲು ಬೀಳುವುದು ಚಾವಣಿಗೆ. ಕಾಟ ಕೊಡುವುದು ಬೆಳಗು, ಸಂಜೆಯ ಓರೆ ಬಿಸಿಲು. ಮೇಲಿಂದ ಬರುವ ಬಿಸಿಲನ್ನು ಸಜ್ಜಾ ತಡೆಯುತ್ತದೆ. ಓರೆ ಬಿಸಿಲು ಸಜ್ಜಾದ ಕೆಳಗೇ ತೂರಿ ಮೇಜಿನ ತನಕ ಬರುತ್ತದೆ. ಅದಕ್ಕೆ ದಪ್ಪ ಗೋಡೆಯೇ ಬೇಕು. ಕೋರ್ ಹೇಗೂ ದಪ್ಪ ಗೋಡೆ, ಅಲ್ವಾ? ಬೆಳಗಿನ ಕಾವನ್ನೆಲ್ಲ ಅದೇ ನುಂಗುತ್ತದೆ. ಜೊತೆಗೆ ಮೆಟ್ಟಿಲಿಗೂ ಶೌಚಾಲಯಕ್ಕೂ ಕಿಟಕಿ ಸಿಕ್ಕಿತು. ನಡುವೆ ಹೂತುಹೋಗಿದ್ದರೆ ಅಲ್ಲಿ ಹಗಲೆಲ್ಲ ದೀಪ, ಫ್ಯಾನು ಓಡುತ್ತಲೇ ಇರಬೇಕಿತ್ತು.

ಜೆಡ್ಡಾದ ಮರಳುಗಾಡಿನ ಬಿಸಿಲು ಇದಕ್ಕಿಂತ ಕಟು. 1983ರಲ್ಲಿ ಅಲ್ಲಿ ಕಟ್ಟಿದ 27 ಮಹಡಿಯ ನ್ಯಾಷನಲ್ ಕಮರ್ಷಿಯಲ್ ಬ್ಯಾಂಕ್ ಹೊರಗಿಂದ ನೋಡಿದರೆ ಕಿಟಕಿಯೇ ಇಲ್ಲದ ತ್ರಿಕೋನ. ಗೋಡೆಯಲ್ಲಿ ಅಲ್ಲಲ್ಲಿ ಹಲವು ಮಹಡಿ ಎತ್ತರದ ದೊಡ್ಡ ಬಾಯಿಗಳಿವೆ. ಆಫೀಸಿನ ಗಾಜೆಲ್ಲ ಆ ಬಾಯಿಗಳೊಳಗಿನ ನೆರಳಿನ ಅಂಗಳಕ್ಕೆ ಮುಖ ಮಾಡಿದೆ. ನಡುವೆ ಇರುವುದು ಖಾಲಿ ಬಾವಿ. ಬಿಸಿ ಗಾಳಿ ಅದರಲ್ಲಿ ಮೇಲೇರಿ ಹೋಗುತ್ತದೆ. ಅಬುಧಾಬಿಯ ಅಲ್ ಬಹರ್ ಗೋಪುರಗಳಲ್ಲಿ (2012) ಸೂರ್ಯ ಸರಿದಂತೆ ಬಿಚ್ಚಿ ಮುಚ್ಚುವ ಕೊಡೆಗಳಿವೆ. ನೋಡೋಕೆ ಚೆಂದ. ಆದರೆ ಅಷ್ಟೊಂದು ಮೋಟಾರುಗಳನ್ನು ನೋಡಿಕೊಳ್ಳುವವರನ್ನು ನೆನೆದರೆ ನನಗೆ ಸುಮ್ನೆ ನಿಂತಿರುವ ಮೆಟ್ಟಿಲಿನ ಗೋಡೆಯೇ ಇಷ್ಟ.

ಹಿತವಾದ ಹವೆಯಲ್ಲಿ ಕಿಟಕಿ ತೆರೆದರೆ ಸಾಕು. ಫ್ರಾಂಕ್‌ಫರ್ಟ್‌ನ ಕಾಮರ್ಜ್‌ಬ್ಯಾಂಕ್ ಗೋಪುರದಲ್ಲಿ (1997) ಲಿಫ್ಟುಗಳು ತ್ರಿಕೋನದ ಮೂಲೆಗಳಿಗೆ ಹೋದವು, ನಡುವಿನ ಜಾಗ ಗಾಳಿಗೆ ಉಳಿಯಿತು. 259 ಮೀಟರ್ ಎತ್ತರದಲ್ಲಿ ಗಾಳಿಯ ಹೊಡೆತ ಜಾಸ್ತಿ. ಹಾಗಾಗಿ ಹೊರಗೊಂದು ಗಾಜಿನ ಮರೆ, ಅದರ ಹಿಂದೆ ತೆರೆಯುವ ಕಿಟಕಿ.

ಕೊರೆಯುವ ಚಳಿಯಲ್ಲಿ ಲಿಫ್ಟಿನ ಬಾವಿಯೇ ತಲೆನೋವು. ಒಳಗಿನ ಬೆಚ್ಚನೆ ಗಾಳಿ ಹಗುರ. ಬಾವಿಯಲ್ಲಿ ಹೊಗೆ ಏರಿದ ಹಾಗೆ ಏರುತ್ತದೆ, ಮೇಲಿನ ಸಂದುಗಳಿಂದ ಸೋರಿಹೋಗುತ್ತದೆ. ಅಷ್ಟೇ ತಣ್ಣನೆ ಗಾಳಿಯನ್ನು ನೆಲಮಹಡಿಯ ಬಾಗಿಲು ಒಳಗೆಳೆಯುತ್ತದೆ. ಬಾಗಿಲ ಸಂದು ಸೀಟಿ ಹೊಡೆಯುತ್ತದೆ. ಬಾಗಿಲನ್ನು ತೆರೆಯೋಕೆ ಭುಜ ಕೊಡಬೇಕಾಗುತ್ತದೆ. ಕೆಲವೊಮ್ಮೆ ಲಿಫ್ಟಿನ ಬಾಗಿಲೂ ಸರಿಯಾಗಿ ಮುಚ್ಚುವುದಿಲ್ಲ. 1888ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಆದ ತಿರುಗುಬಾಗಿಲು ಇಲ್ಲಿ ಕೆಲಸಕ್ಕೆ ಬರುತ್ತದೆ. ಜನ ಒಳಬಂದರೂ ಗಾಳಿಗೆ ನೇರ ದಾರಿ ಸಿಗುವುದಿಲ್ಲ.

ಕೆನಡಾದ ವಿನ್ನಿಪೆಗ್‌ನಲ್ಲಿ ಚಳಿ ಮೈನಸ್ 35ಕ್ಕೆ ಇಳಿಯುವುದುಂಟು, ಬೇಸಿಗೆ 30 ದಾಟುತ್ತದೆ. 2009ರಲ್ಲಿ ಅಲ್ಲಿ ತೆರೆದ ಮ್ಯಾನಿಟೋಬಾ ಹೈಡ್ರೋ ಪ್ಲೇಸ್ ಬಿಸಿ ಗಾಳಿಯ ಈ ಚಾಳಿಯನ್ನೇ ದುಡಿಸಿಕೊಂಡಿತು. ಉತ್ತರಕ್ಕೊಂದು 115 ಮೀಟರ್ ಚಿಮಣಿ. ಬೇಸಿಗೆಯಲ್ಲಿ ಬಳಸಿದ ಗಾಳಿ ಅದರಲ್ಲಿ ತಾನಾಗಿ ಮೇಲೆ ಹೋಗುತ್ತದೆ. ಚಳಿಗಾಲದಲ್ಲಿ ಅದೇ ಗಾಳಿಯನ್ನು ಕೆಳಗೆಳೆದು ಅದರ ಕಾವನ್ನು ಮತ್ತೆ ಬಳಸುತ್ತಾರೆ. ಹೊಸ ಗಾಳಿ ಬರುವುದು ದಕ್ಷಿಣದ ಗಾಜಿನ ಅಂಗಳಗಳ ಮೂಲಕ, ಬಿಸಿಲಲ್ಲಿ ಬೆಚ್ಚಗಾಗಿ.

ಆ ಅಂಗಳಗಳಲ್ಲಿ 24 ಮೀಟರ್ ಉದ್ದದ ಪ್ಲಾಸ್ಟಿಕ್ ರಿಬ್ಬನ್‌ಗಳು ತೂಗುತ್ತವೆ, ಅವುಗಳ ಮೇಲೆ ನೀರು ಇಳಿಯುತ್ತಿರುತ್ತದೆ. ಚಳಿಗಾಲದಲ್ಲಿ ಬೆಚ್ಚನೆ ನೀರು, ಒಣ ಗಾಳಿಗೆ ತೇವ ಕೊಡುತ್ತದೆ. ಬೇಸಿಗೆಯಲ್ಲಿ ತಣ್ಣೀರು. ಫ್ರಿಜ್ಜಿಂದ ತೆಗೆದ ಬಾಟಲಿ ಬೆವರುತ್ತದಲ್ಲ, ಹಾಗೆ ಗಾಳಿಯ ತೇವವೆಲ್ಲ ಆ ತಣ್ಣೀರಿಗೆ ಬಂದು ಸೇರಿಕೊಳ್ಳುತ್ತದೆ. ನೀರು ಸುರಿಯುತ್ತಲೇ ಇರುತ್ತದೆ, ಗಾಳಿ ಒಣಗುತ್ತಾ ಹೋಗುತ್ತದೆ.