ಫ್ರಿಜ್ ಎಷ್ಟು ಒರೆಸಿದರೂ ವಾಸನೆ ಯಾಕೆ ಹೋಗುವುದಿಲ್ಲ?

ಪ್ರಶ್ನೆ: ಪ್ರತಿ ಭಾನುವಾರ ಫ್ರಿಜ್ ಒರೆಸುತ್ತೇನೆ. ಶೆಲ್ಫ್‌ಗಳನ್ನೂ ಹೊರಗೆ ತೆಗೆದು ತೊಳೆಯುತ್ತೇನೆ. ಆದರೂ ಮೂರು ದಿನ ಕಳೆಯುವಷ್ಟರಲ್ಲಿ ಬಾಗಿಲು ತೆರೆದರೆ ಮುಗ್ಗಲು ವಾಸನೆ. ತರಕಾರಿ ಟ್ರೇ ಕೆಳಗೆ ನೀರು ಬೇರೆ ನಿಂತಿರುತ್ತದೆ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ಟ್ರೇ ಕೆಳಗೆ ನೀರು ನಿಲ್ಲುತ್ತದೆ ಅಂದಿರಲ್ಲ, ಅರ್ಧ ಉತ್ತರ ಅದರಲ್ಲೇ ಇದೆ.

ಫ್ರಿಜ್‌ನ ಹಿಂದಿನ ಗೋಡೆಯ ಮೇಲೆ ನೀರು ಹನಿಹನಿಯಾಗಿ ಕೂತಿರುವುದನ್ನು ನೀವು ನೋಡಿರುತ್ತೀರಿ. ಬಾಗಿಲು ತೆರೆದಾಗಲೆಲ್ಲ ಹೊರಗಿನ ಗಾಳಿಯ ತೇವ ಒಳಗೆ ಬರುತ್ತದೆ. ತಣ್ಣನೆಯ ಗೋಡೆಗೆ ತಾಗಿ ಮಂಜಾಗುತ್ತದೆ, ಆಮೇಲೆ ಕರಗಿ ಕೆಳಗಿಳಿಯುತ್ತದೆ. ಗೋಡೆಯ ಬುಡದಲ್ಲಿ ಸಣ್ಣ ಕಾಲುವೆಯ ಹಾಗೆ ಒಂದು ತಗ್ಗು, ಅದರ ನಡುವೆ ಪೆನ್ನಿನ ದಪ್ಪದ ತೂತು. ನೀರು ಅಲ್ಲಿಂದ ಹಿಂಬದಿಯ ಕಂಪ್ರೆಸರ್ ಹತ್ತಿರವಿರುವ ತಟ್ಟೆಗೆ ಹೋಗಿ, ಆ ಬಿಸಿಗೆ ಆವಿಯಾಗುತ್ತದೆ. ತೂತು ಕಟ್ಟಿಕೊಂಡರೆ ಆ ನೀರು ಇನ್ನೆಲ್ಲಿಗೆ ಹೋಗಬೇಕು? ಟ್ರೇ ಕೆಳಗೇ ನಿಲ್ಲುತ್ತದೆ, ಅಲ್ಲೇ ಕೊಳೆಯುತ್ತದೆ.

ನಮ್ಮ ಮನೆಯಲ್ಲೂ ಇದೇ ಆಗಿತ್ತು. ತೂತಿಗೆ ಹತ್ತಿ ಕಡ್ಡಿ ಹಾಕಿ ತಿರುಗಿಸಿದಾಗ ಮೊದಲು ಬಂದದ್ದು ಕಪ್ಪಗಾಗಿದ್ದ ಸೊಪ್ಪಿನ ದಂಟಿನ ಚೂರು. ಅದರ ಹಿಂದೆಯೇ ಬೂದು ಬಣ್ಣದ ಲೋಳೆ. ಮೂಗಿನ ಹತ್ತಿರ ಹಿಡಿದೆ, ಅದೇ ವಾಸನೆ! ತಿಂಗಳುಗಟ್ಟಲೆ ನಾನು ಶೆಲ್ಫ್ ಉಜ್ಜುತ್ತಾ ಇದ್ದೆ, ವಾಸನೆ ಇಲ್ಲಿ ಕೂತಿತ್ತು.

ಹೀಗೆ ಮಾಡಿ. ಮೊದಲು ಪ್ಲಗ್ ತೆಗೆಯಿರಿ. ಹತ್ತಿ ಕಡ್ಡಿಯಿಂದ ತೂತಿನ ಬಾಯಿಯನ್ನು ಚೊಕ್ಕ ಮಾಡಿ. ಆಮೇಲೆ ಉಗುರುಬೆಚ್ಚಗಿನ ನೀರಿಗೆ ಚೂರು ಅಡುಗೆ ಸೋಡಾ ಬೆರೆಸಿ, ಸೂಜಿ ಇಲ್ಲದ ಸಿರಿಂಜ್‌ನಲ್ಲಿ ನಿಧಾನವಾಗಿ ಒಳಗೆ ಬಿಡಿ. ನೀರು ಸರಾಗವಾಗಿ ಇಳಿದರೆ ದಾರಿ ಬಿಟ್ಟಿತು ಅಂತ. ಚೂಪಾದ ತಂತಿ, ಚಾಕುವಿನ ತುದಿ ಮಾತ್ರ ಹಾಕಬೇಡಿ, ಪೈಪ್ ಹಾಳಾಗುತ್ತದೆ. ಫ್ರಾಸ್ಟ್ ಫ್ರೀ, ಅಂದರೆ ಫ್ರೀಜರ್‌ನಲ್ಲಿ ಮಂಜು ಗಡ್ಡೆಕಟ್ಟದ ಫ್ರಿಜ್‌ಗಳಲ್ಲಿ ಈ ತೂತು ಹೆಚ್ಚಾಗಿ ಫ್ರೀಜರ್‌ನ ಹಿಂದಿನ ಪ್ಯಾನೆಲ್ ಒಳಗಿರುತ್ತದೆ. ಅದನ್ನು ಬಿಚ್ಚುವುದು ಮೆಕ್ಯಾನಿಕ್ ಕೆಲಸ.

ಇನ್ನೊಂದು ಜಾಗ ಬಾಗಿಲಿನ ರಬ್ಬರ್. ಅದರ ಮಡಿಕೆಯನ್ನು ಬೆರಳಲ್ಲಿ ಬಿಡಿಸಿ ನೋಡಿ, ಕಪ್ಪು ಚುಕ್ಕೆಗಳು ಕಂಡರೆ ಅದು ಬೂಷ್ಟು. ಹಳೇ ಟೂತ್‌ಬ್ರಷ್‌ನಿಂದ ಸೋಪು ನೀರಿನಲ್ಲಿ ಉಜ್ಜಿ, ಒಣ ಬಟ್ಟೆಯಿಂದ ಒರೆಸಿ. ಹಾಗೇ ಒಂದು ಕಾಗದವನ್ನು ಬಾಗಿಲಿನ ಸಂದಿಗೆ ಸಿಕ್ಕಿಸಿ ಎಳೆದು ನೋಡಿ. ಸುಮ್ನೆ ಜಾರಿ ಬಂದರೆ ರಬ್ಬರ್ ಸಡಿಲಾಗಿದೆ. ತೇವದ ಗಾಳಿ ಹಗಲೂ ರಾತ್ರಿ ಒಳಗೆ ಬರುತ್ತಿದೆ, ನೀರು ಜಾಸ್ತಿ ಆಗುವುದಕ್ಕೆ ಅದೂ ಕಾರಣ.

ಒಳಗೆಲ್ಲ ಒರೆಸಲು 1 ಲೀಟರ್ ಬೆಚ್ಚಗಿನ ನೀರಿಗೆ 2 ದೊಡ್ಡ ಚಮಚ ಅಡುಗೆ ಸೋಡಾ ಸಾಕು. ಗಮಗಮ ಎನ್ನುವ ಕ್ಲೀನರ್ ಬೇಡ, ಅದರ ವಾಸನೆ ಪ್ಲಾಸ್ಟಿಕ್‌ಗೆ ಹಿಡಿದು ಹಾಲಿನಲ್ಲೂ ಬರುತ್ತದೆ. ಗಾಜಿನ ಶೆಲ್ಫ್ ಹೊರಗಿಟ್ಟು ಚಳಿ ಬಿಟ್ಟ ಮೇಲೆ ತೊಳೆಯಿರಿ. ತಣ್ಣಗಿರುವಾಗಲೇ ಬಿಸಿನೀರು ಬಿದ್ದರೆ ಸೀಳಬಹುದು. ವಾಸನೆ ಹೀರಲಿ ಅಂತ ಒಳಗೆ ಸೋಡಾದ ಬಟ್ಟಲು ಇಡುವುದು ಇದೆಲ್ಲ ಆದ ಮೇಲಿನ ಮಾತು. ಕೊಳೆತದ್ದು ಒಳಗೇ ಇರುವಾಗ ಬಟ್ಟಲು ಏನು ಮಾಡೀತು?

ಈಗ ಜೋಡಿಸುವ ವಿಷಯ. ಫ್ರಿಜ್ ಯಾವುದನ್ನೂ ಕೆಡದಂತೆ ತಡೆಯುವುದಿಲ್ಲ, ಕೆಡುವುದನ್ನು ನಿಧಾನ ಮಾಡುತ್ತದೆ ಅಷ್ಟೇ. ಅದಕ್ಕೂ ಒಳಗೆ 4 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕಡಿಮೆ ಇರಬೇಕು, ಫ್ರೀಜರ್‌ನಲ್ಲಿ ಮೈನಸ್ 18. ಡಯಲ್ ಮೇಲಿನ 1, 2, 3 ಡಿಗ್ರಿಗಳಲ್ಲ. ಒಂದು ಲೋಟ ನೀರಿನಲ್ಲಿ ಥರ್ಮಾಮೀಟರ್ ಮುಳುಗಿಸಿ ರಾತ್ರಿಯಿಡೀ ಮಧ್ಯದ ಶೆಲ್ಫ್‌ನಲ್ಲಿಟ್ಟರೆ ನಿಜ ಗೊತ್ತಾಗುತ್ತದೆ. ಜ್ವರ ನೋಡುವ ಥರ್ಮಾಮೀಟರ್ ಇದಕ್ಕೆ ಆಗದು, ಫ್ರಿಜ್‌ಗೆಂದೇ ಸಿಗುವುದನ್ನು ತನ್ನಿ.

ಎಲ್ಲಕ್ಕಿಂತ ಬೆಚ್ಚಗಿರುವ ಜಾಗ ಬಾಗಿಲು. ಹಾಲು, ಮೊಟ್ಟೆ ಒಳಗಿನ ಶೆಲ್ಫ್‌ಗೆ ಹೋಗಲಿ, ಬಾಗಿಲಲ್ಲಿ ಸಾಸ್, ನೀರಿನ ಬಾಟಲಿ ಇರಲಿ. ಹಸಿ ಮಾಂಸ, ಮೀನು ತಂದರೆ ಮುಚ್ಚಿದ ಡಬ್ಬಿಯಲ್ಲಿ ಎಲ್ಲಕ್ಕಿಂತ ಕೆಳಗಿನ ಶೆಲ್ಫ್‌ನಲ್ಲಿಡಿ. ರಸ ಸೋರಿದರೂ ಬೇಯಿಸಿದ ಅಡುಗೆ ಮೇಲೆ ಬೀಳಬಾರದು. ಸೇಬಿನಂಥ ಹಣ್ಣುಗಳು ಎಥಿಲೀನ್ ಅನ್ನುವ ಅನಿಲ ಬಿಡುತ್ತವೆ, ಪಕ್ಕದಲ್ಲಿರುವ ಸೊಪ್ಪು ಅದರಿಂದ ಬೇಗ ಹಳದಿಯಾಗುತ್ತದೆ. ಅವೆರಡನ್ನೂ ದೂರ ಇಡಿ. ಸೊಪ್ಪನ್ನು ತೊಳೆದ ಒದ್ದೆಯಲ್ಲೇ ಒಳಗೆ ತುರುಕಬೇಡಿ, ಕಾಗದದಲ್ಲೋ ಬಟ್ಟೆಯಲ್ಲೋ ಸುತ್ತಿಡಿ. ಗಾಳಿ ಆಡಲು ಡಬ್ಬಿಗಳ ನಡುವೆ ಸ್ವಲ್ಪ ಸಂದಿ ಇರಬೇಕು.

ಉಳಿದ ಅಡುಗೆಯದ್ದೇ ದೊಡ್ಡ ತಲೆನೋವು, ಅಲ್ವಾ? ಮಾಡಿದ 2 ಗಂಟೆಯೊಳಗೆ ಅಗಲ ಡಬ್ಬಿಗಳಿಗೆ ಹಂಚಿ ಒಳಗಿಡಿ, 3-4 ದಿನದೊಳಗೆ ಮುಗಿಸಿ. ಆದರೆ ಸ್ಟೀಲ್ ಡಬ್ಬಿಯೊಳಗೆ ಏನಿದೆ ಅಂತ ಯಾರಿಗೂ ಕಾಣುವುದಿಲ್ಲ. ಒಂದು ದಿನ ಅದು ಹಿಂದೆ ಸರಿಯುತ್ತದೆ, ಮುಂದೆ ಇನ್ನೊಂದು ಡಬ್ಬಿ ಬರುತ್ತದೆ, ಮರೆತೇ ಹೋಗುತ್ತದೆ. ಉಳಿದದ್ದಕ್ಕೆ ಗಾಜಿನ ಅಥವಾ ಪಾರದರ್ಶಕ ಡಬ್ಬಿ ಬಳಸಿ, ಮುಚ್ಚಳದ ಮೇಲೆ ಟೇಪ್ ಅಂಟಿಸಿ ತಾರೀಖು ಬರೆಯಿರಿ. ಕಣ್ಣಿನ ಎತ್ತರದ ಶೆಲ್ಫ್‌ನ ಮುಂಭಾಗವನ್ನು 'ಮೊದಲು ಇದನ್ನು ತಿನ್ನಿ' ಅನ್ನುವ ಡಬ್ಬಿಗಳಿಗೇ ಬಿಟ್ಟುಬಿಡಿ. ನಮ್ಮಲ್ಲಿ ಈ ಒಂದು ಬದಲಾವಣೆಯಿಂದಲೇ ಬಿಸಾಡುವುದು ತುಂಬಾ ಕಡಿಮೆಯಾಯಿತು.

ಮೂಸಿ ನೋಡಿ 'ಪರವಾಗಿಲ್ಲ' ಅನ್ನುವ ಅಭ್ಯಾಸ ಮಾತ್ರ ದಯವಿಟ್ಟು ಬಿಡಿ. ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಫ್ರಿಜ್‌ನ ಚಳಿಯಲ್ಲೂ ಬೆಳೆಯುತ್ತದೆ. ಅದಿದ್ದರೂ ಆಹಾರ ವಾಸನೆ ಬರದೆ ಚೆನ್ನಾಗಿಯೇ ಕಾಣಬಹುದು. ಮನೆಯಲ್ಲಿ ಬಸುರಿಯರು, ವಯಸ್ಸಾದವರು ಇದ್ದರೆ ಮೂಗಿಗಿಂತ ಮುಚ್ಚಳದ ಮೇಲಿನ ತಾರೀಖನ್ನೇ ನಂಬಿ.

ಈ ಭಾನುವಾರ ಶೆಲ್ಫ್ ಮುಟ್ಟುವ ಮೊದಲು ಆ ತೂತು ನೋಡಿ. ಬುಧವಾರ ಟ್ರೇ ಎತ್ತಿದಾಗ ಕೆಳಗೆ ಒಣಗಿದ್ದರೆ ಸರಿಹೋಯಿತು. ಮತ್ತೆ ನೀರಿದ್ದರೆ ರಬ್ಬರ್ ಬದಲಿಸಬೇಕೇ ಅಂತ ಮೆಕ್ಯಾನಿಕ್ ಕರೆಸಿ ಕೇಳಿ.