ಹಳೆಯ ಡೀಸೆಲ್ ಟ್ರಕ್ಕಿನ ಶಕ್ತಿ ಹೆಚ್ಚಿಸುವುದು: ಲೆಕ್ಕ ಶಾಖದಿಂದ ಶುರುವಾಗಲಿ

ಪೆಟ್ರೋಲ್ ಎಂಜಿನ್ನಿನಲ್ಲಿ ಆಕ್ಸಿಲರೇಟರ್ ತುಳಿದಾಗ ತೆರೆದುಕೊಳ್ಳುವುದು ಗಾಳಿಯ ದಾರಿ. ಹಳೆಯ ಡೀಸೆಲ್ ಎಂಜಿನ್ನಿನಲ್ಲಿ ಗಾಳಿಯ ದಾರಿ ಸದಾ ತೆರೆದೇ ಇರುತ್ತದೆ, ತುಳಿತಕ್ಕೆ ತಕ್ಕಂತೆ ಬದಲಾಗುವುದು ಸಿಲಿಂಡರಿಗೆ ಸೇರುವ ಇಂಧನದ ಪ್ರಮಾಣ. ಟ್ಯೂನಿಂಗ್ ಕುರಿತ ಮಿಕ್ಕ ವಿಚಾರಗಳೆಲ್ಲ ಈ ಒಂದು ವ್ಯತ್ಯಾಸದಿಂದಲೇ ಹುಟ್ಟುತ್ತವೆ. ಇಂಧನ ಹೆಚ್ಚಿಸಿದರೆ ಶಕ್ತಿ ಹೆಚ್ಚುತ್ತದೆ, ಅದೂ ಒಂದು ಸ್ಕ್ರೂ ತಿರುಗಿಸಿದಷ್ಟು ಅಥವಾ ಒಂದು ಪುಟ್ಟ ಎಲೆಕ್ಟ್ರಾನಿಕ್ ಪೆಟ್ಟಿಗೆ ಜೋಡಿಸಿದಷ್ಟು ಸುಲಭವಾಗಿ. ಆ ಶಕ್ತಿಯ ಬೆನ್ನಿಗೇ ಬರುವ ಶಾಖವನ್ನು ಸಂಭಾಳಿಸುವ ಭಾಗಗಳು ಮಾತ್ರ ಅಗ್ಗವೂ ಅಲ್ಲ, ಜೋಡಿಸಲು ಸುಲಭವೂ ಅಲ್ಲ. ಆದ್ದರಿಂದ ಯಾವ ಭಾಗ ಕೊಳ್ಳಬೇಕು ಎಂದು ಕೇಳುವ ಮೊದಲು, ಹೆಚ್ಚುವರಿ ಇಂಧನ ಉರಿಯಲು ಬೇಕಾದ ಗಾಳಿ ಎಲ್ಲಿಂದ ಬರುತ್ತದೆ, ಅದರ ಶಾಖ ಎಲ್ಲಿಗೆ ಹೋಗುತ್ತದೆ ಎಂದು ಕೇಳಿಕೊಳ್ಳುವುದು ಸರಿಯಾದ ಕ್ರಮ.

ಒಂದು ಕಿಲೋಗ್ರಾಂ ಡೀಸೆಲ್ ಸಂಪೂರ್ಣವಾಗಿ ಉರಿಯಲು ಲೆಕ್ಕದ ಪ್ರಕಾರ ಸುಮಾರು 14.5 ಕಿಲೋಗ್ರಾಂ ಗಾಳಿ ಸಾಕು. ಆದರೆ ಇಂಧನವನ್ನು ಸಂಕೋಚನದ ಕೊನೆಯ ಗಳಿಗೆಯಲ್ಲಿ ಸಿಂಪಡಿಸುವುದರಿಂದ ಅದು ಗಾಳಿಯೊಂದಿಗೆ ಪೂರ್ತಿ ಬೆರೆಯಲು ಸಮಯ ಸಿಗುವುದಿಲ್ಲ. ಹೀಗಾಗಿ ಇಂಧನಕ್ಕೆ ಗಾಳಿಯ ಅನುಪಾತ ಸುಮಾರು 18-20ಕ್ಕಿಂತ ಕೆಳಗಿಳಿಯುತ್ತಿದ್ದಂತೆಯೇ ಸೈಲೆನ್ಸರಿನಿಂದ ಕಪ್ಪು ಹೊಗೆ ಕಾಣಿಸಿಕೊಳ್ಳುತ್ತದೆ. ಕಪ್ಪು ಹೊಗೆಯನ್ನು ಶಕ್ತಿಯ ಗುರುತೆಂದು ಮೆರೆಸುವವರಿದ್ದಾರೆ. ಅದು ಉರಿಯದೆ ಉಳಿದ ಇಂಗಾಲ, ಅಂದರೆ ಹಣ ಕೊಟ್ಟು ತುಂಬಿಸಿದ ಡೀಸೆಲ್ ಕೆಲಸ ಮಾಡದೆ ಹೊರಬಿದ್ದದ್ದಕ್ಕೆ ಸಾಕ್ಷಿ. ಸುಟ್ಟ ಅನಿಲದ ಬಲದಿಂದ ತಿರುಗಿ ಎಂಜಿನ್ನಿಗೆ ಗಾಳಿ ಒತ್ತುವ ಟರ್ಬೊ ವೇಗ ಹಿಡಿಯುವ ಮುನ್ನ ಒಂದೆರಡು ಕ್ಷಣ ತೆಳುವಾಗಿ ಕಾಣುವ ಹೊಗೆ ಬೇರೆ. ಭಾರ ಎಳೆಯುವಾಗ ಉದ್ದಕ್ಕೂ ಸುರಿಯುವ ಹೊಗೆ ಬೇರೆ. ಎರಡನೆಯದು ಕಂಡರೆ ಇಂಧನ ಈಗಾಗಲೇ ಗಾಳಿಯನ್ನು ಮೀರಿದೆ ಎಂದು ತಿಳಿಯಬೇಕು.

ಹಳೆಯ ಎಂಜಿನ್ನಿನ ವಿಷಯದಲ್ಲಿ ಮೊದಲ ಖರ್ಚು ಪರೀಕ್ಷೆಗೆ ಹೋಗಬೇಕು. ಎಂಜಿನ್ ಬಿಸಿಯಾದ ಮೇಲೆ ಐಡ್ಲಿಂಗ್‌ನಲ್ಲಿ ಬಿಟ್ಟು, ಆಯಿಲ್ ತುಂಬುವ ಮುಚ್ಚಳವನ್ನು ಬಿಚ್ಚಿ ಅದೇ ಬಾಯಿಯ ಮೇಲೆ ಬೋರಲಾಗಿ ಇಟ್ಟು ನೋಡುವುದು ಮೆಕ್ಯಾನಿಕ್‌ಗಳ ಹಳೆಯ ಉಪಾಯ. ಮುಚ್ಚಳ ಸಣ್ಣಗೆ ನಡುಗಿದರೆ ಚಿಂತೆಯಿಲ್ಲ. ಕುಣಿದು ಕೆಳಗೆ ಹಾರಿ ಬಿದ್ದರೆ ಪಿಸ್ಟನ್ ರಿಂಗುಗಳನ್ನು ದಾಟಿ ಅನಿಲ ಕ್ರ್ಯಾಂಕ್‌ಕೇಸಿಗೆ ನುಗ್ಗುತ್ತಿದೆ ಎಂದು ಅನುಮಾನಿಸಬೇಕು. ಇದು ಅಂದಾಜು ಮಾತ್ರ, ಕಂಪ್ರೆಷನ್ ಪರೀಕ್ಷೆಗೆ ಬದಲಿಯಲ್ಲ. ಇದರ ಜತೆಗೆ ಟರ್ಬೊದಿಂದ ಇನ್‌ಟೇಕ್‌ವರೆಗಿನ ಹೋಸ್‌ಗಳಲ್ಲಿ ಗಾಳಿ ಸೋರಿಕೆ ಇದೆಯೇ ಎಂದು ಒತ್ತಡ ಹಾಕಿ ನೋಡಬೇಕು. ಶಕ್ತಿ ಕುಂದಿದೆಯೆಂದು ಇಂಧನ ಸಿಂಪಡಿಸುವ ಹೊಸ ಇಂಜೆಕ್ಟರ್ ಕೊಳ್ಳಲು ಹೊರಟವರಿಗೆ ಎಷ್ಟೋ ಸಲ ಬೇಕಿದ್ದುದು ಒಂದು ಸಡಿಲ ಕ್ಲ್ಯಾಂಪನ್ನು ಬಿಗಿಯುವುದಷ್ಟೇ. ಎಂಜಿನ್ನಿಗೇ ವಿಶಿಷ್ಟವಾದ ದೋಷಗಳನ್ನೂ ಮೊದಲೇ ತಿಳಿದಿರಬೇಕು: 5.9 ಲೀಟರಿನ, 12 ವಾಲ್ವ್‌ಗಳ ಕಮಿನ್ಸ್ ಎಂಜಿನ್ನಿನಲ್ಲಿ ಟೈಮಿಂಗ್ ಗೇರುಗಳ ಪೆಟ್ಟಿಗೆಯ ಬಳಿ ಇರುವ ಒಂದು ಚಿಕ್ಕ ಉಕ್ಕಿನ ಡವೆಲ್ ಪಿನ್, ವರ್ಷಗಳ ನಡುಕದಿಂದ ಮೆಲ್ಲಗೆ ಹೊರಸರಿದು ಗೇರುಗಳ ನಡುವೆ ಬಿದ್ದು ಎಂಜಿನ್ನನ್ನೇ ಹಾಳುಮಾಡಬಲ್ಲದು. ಅದನ್ನು ಅಲ್ಲಾಡದಂತೆ ತಡೆಯುವ ಪುಟ್ಟ ಲೋಹದ ತುಂಡನ್ನು ಕೂರಿಸದೆ ಅಂಥ ಎಂಜಿನ್ನಿಗೆ ಶಕ್ತಿವರ್ಧನೆಯ ಭಾಗ ಹಾಕುವುದು ವಿವೇಕವಲ್ಲ.

ಪರೀಕ್ಷೆಯ ನಂತರ ಮೀಟರುಗಳು. ನನ್ನ ಅಭಿಪ್ರಾಯದಲ್ಲಿ ಪೈರೋಮೀಟರ್, ಅಂದರೆ ಸುಟ್ಟ ಅನಿಲದ ತಾಪ ತೋರಿಸುವ ಮೀಟರ್ ಇಲ್ಲದ ಟ್ರಕ್ಕಿನಲ್ಲಿ ಇಂಧನ ಹೆಚ್ಚಿಸುವುದು ಕಣ್ಣು ಕಟ್ಟಿಕೊಂಡು ಬೆಟ್ಟ ಹತ್ತಿದಂತೆ. ಅದರ ಸಂವೇದಕವನ್ನು ಟರ್ಬೊಗೆ ಮುಂಚೆ, ಎಕ್ಸಾಸ್ಟ್ ಮ್ಯಾನಿಫೋಲ್ಡಿನಲ್ಲಿ ಕೂರಿಸಬೇಕು. ಟರ್ಬೊದೊಳಗಿನ ಟರ್ಬೈನ್ ಚಕ್ರ ಅನಿಲದಿಂದ ಶಕ್ತಿ ಹೀರಿಕೊಳ್ಳುವುದರಿಂದ, ಪೂರ್ಣ ಭಾರದಲ್ಲಿ ಟರ್ಬೊದ ಆಚೆ ಬದಿಯ ತಾಪ ನೂರು ಡಿಗ್ರಿಗೂ ಹೆಚ್ಚು ಕಡಿಮೆ ಇರಬಹುದು. ಅಲ್ಲಿ ಓದಿದ ಅಂಕಿಯನ್ನು ನಂಬಿದರೆ ಪಿಸ್ಟನ್ನಿನ ನಿಜಸ್ಥಿತಿ ತಿಳಿಯುವುದಿಲ್ಲ. ದೀರ್ಘಕಾಲದ ಎಳೆತಕ್ಕೆ ಟರ್ಬೊಗೆ ಮುಂಚಿನ ತಾಪ ಸುಮಾರು 680 ಡಿಗ್ರಿ ಸೆಲ್ಸಿಯಸ್ ಮೀರಬಾರದು ಎಂಬುದು ಅಲ್ಯೂಮಿನಿಯಂ ಪಿಸ್ಟನ್ನಿನ ಎಂಜಿನ್ನುಗಳಿಗೆ ರೂಢಿಯಲ್ಲಿರುವ ಮಿತಿ. ಶುದ್ಧ ಅಲ್ಯೂಮಿನಿಯಂ 660 ಡಿಗ್ರಿಯಲ್ಲಿ ಕರಗುತ್ತದೆ. ಪಿಸ್ಟನ್ ಕರಗದಿರುವುದು ಬೆಂಕಿ ಎಡೆಬಿಡದೆ ತಾಗದ ಕಾರಣದಿಂದ, ಮತ್ತು ಪ್ರತಿ ಸುತ್ತಿನಲ್ಲೂ ತಣ್ಣನೆಯ ಗಾಳಿಯೂ ಅಡಿಯಿಂದ ಚಿಮ್ಮುವ ಆಯಿಲ್ಲೂ ಅದರ ಶಾಖವನ್ನು ಒಯ್ಯುವ ಕಾರಣದಿಂದ. ಆದ್ದರಿಂದ ತಾಪದಷ್ಟೇ ಅದು ಉಳಿಯುವ ಅವಧಿಯೂ ಮುಖ್ಯ. ಓವರ್‌ಟೇಕ್ ಮಾಡುವ ಹತ್ತು ಸೆಕೆಂಡುಗಳಲ್ಲಿ ಮುಳ್ಳು ಮಿತಿ ದಾಟಿದರೆ ಎಂಜಿನ್ ತಾಳಿಕೊಳ್ಳಬಹುದು, ಏರಿನಲ್ಲಿ ಹತ್ತು ನಿಮಿಷ ಅಲ್ಲೇ ನಿಂತರೆ ತಾಳಿಕೊಳ್ಳಲಾರದು.

ತುಂಬಿದ ಟ್ರೇಲರ್ ಕಟ್ಟಿಕೊಂಡು ಟಾಪ್ ಗೇರಿನಲ್ಲಿ ಏರು ಹತ್ತುವಾಗ ಈ ಮುಳ್ಳನ್ನು ಗಮನಿಸಿದರೆ ವಿಷಯ ಮನದಟ್ಟಾಗುತ್ತದೆ. ಮೊದಲು 550ರ ಆಸುಪಾಸು, ಎಂಜಿನ್ನಿನ ಸುತ್ತು ನಿಮಿಷಕ್ಕೆ 1,500ಕ್ಕೆ ಇಳಿಯುತ್ತಿದ್ದಂತೆ 620, ಆಮೇಲೆ 680. ಈಗ ಕಾಲನ್ನು ಇನ್ನಷ್ಟು ಒತ್ತಿದರೆ ವೇಗ ಹೆಚ್ಚುವುದಿಲ್ಲ, ಮುಳ್ಳು ಮಾತ್ರ ಏರುತ್ತದೆ, ಕನ್ನಡಿಯಲ್ಲಿ ಹೊಗೆ ಕಾಣುತ್ತದೆ. ಅದೇ ಒಂದು ಗೇರ್ ಇಳಿಸಿ ಸುತ್ತನ್ನು 2,000ದ ಮೇಲಕ್ಕೆ ತಂದರೆ, ರಸ್ತೆಯ ವೇಗ ಅಷ್ಟೇ ಇದ್ದರೂ ಮುಳ್ಳು ಕೆಳಗಿಳಿಯುತ್ತದೆ, ಏಕೆಂದರೆ ಅಷ್ಟೇ ಶಕ್ತಿಗೆ ಈಗ ಎಂಜಿನ್ನಿನ ಮೂಲಕ ಹೆಚ್ಚು ಗಾಳಿ ಹಾದುಹೋಗುತ್ತಿದೆ. ಯಾವ ಭಾಗವನ್ನೂ ಕೊಳ್ಳದೆ ಸಿಗುವ ಪರಿಹಾರ ಇದು.

ಗಾಳಿಯ ಕಡೆಗೆ ಬಂದರೆ, ಟರ್ಬೊದಿಂದ ಬರುವ ಬಿಸಿ ಗಾಳಿಯನ್ನು ತಂಪಾಗಿಸುವ ಇಂಟರ್‌ಕೂಲರಿನ ಬೆಲೆ ಒಂದು ಲೆಕ್ಕದಿಂದ ಅರ್ಥವಾಗುತ್ತದೆ. 30 ಡಿಗ್ರಿಯ ಗಾಳಿಯನ್ನು ಟರ್ಬೊ 2.4 ಪಟ್ಟು ಒತ್ತಡಕ್ಕೆ ಏರಿಸುತ್ತದೆ, ಕಂಪ್ರೆಸರಿನ ದಕ್ಷತೆ ಶೇ. 70 ಎಂದುಕೊಳ್ಳಿ. ಹೊರಬರುವ ಗಾಳಿ ಸುಮಾರು 153 ಡಿಗ್ರಿಯಷ್ಟು ಬಿಸಿಯಾಗಿರುತ್ತದೆ. ಅದನ್ನು 60 ಡಿಗ್ರಿಗೆ ತಂಪಾಗಿಸಿದರೆ, ಒತ್ತಡ ಅಷ್ಟೇ ಉಳಿದರೂ ಸಾಂದ್ರತೆ ಸುಮಾರು ಶೇ. 28ರಷ್ಟು ಹೆಚ್ಚುತ್ತದೆ, ಅಂದರೆ ಅಷ್ಟೇ ಬೂಸ್ಟಿಗೆ (ಟರ್ಬೊ ಕೊಡುವ ಗಾಳಿಯ ಒತ್ತಡಕ್ಕೆ) ಕಾಲುಭಾಗಕ್ಕಿಂತ ಹೆಚ್ಚು ಆಮ್ಲಜನಕ ಸಿಲಿಂಡರಿಗೆ ಸೇರುತ್ತದೆ. ಬೂಸ್ಟ್ ಮೀಟರ್ ಒತ್ತಡವನ್ನಷ್ಟೇ ತೋರಿಸುತ್ತದೆ, ಗಾಳಿಯ ತೂಕವನ್ನಲ್ಲ ಎಂಬುದನ್ನು ಹೊಸಬರು ಮರೆಯುವುದು ಇಲ್ಲಿಯೇ. ಸಣ್ಣ ಟರ್ಬೊದಲ್ಲಿ, ಹೆಚ್ಚಾದ ಸುಟ್ಟ ಅನಿಲವನ್ನು ಬದಿಗೆ ಬಿಡುವ ಕವಾಟವಾದ ವೇಸ್ಟ್‌ಗೇಟನ್ನು ಬಿಗಿದು ಬೂಸ್ಟ್ ಏರಿಸುತ್ತ ಹೋದರೆ ಒಂದು ಹಂತದ ನಂತರ ಅದು ಗಾಳಿಗಿಂತ ಹೆಚ್ಚಾಗಿ ಬಿಸಿಯನ್ನೇ ಊದುತ್ತದೆ. ಟರ್ಬೈನಿಗೆ ಮುಂಚಿನ ಎಕ್ಸಾಸ್ಟ್ ಒತ್ತಡ ಬೂಸ್ಟಿನ ಎರಡು ಪಟ್ಟಿಗೆ ಏರಿದರೆ ಆ ಟರ್ಬೊ ಎಂಜಿನ್ನಿನ ಉಸಿರನ್ನೇ ಕಟ್ಟುತ್ತಿದೆ ಎಂದರ್ಥ. ಹಾಗೆಂದು ತೀರ ದೊಡ್ಡದನ್ನು ಹಾಕಿದರೆ ಕೆಳಸುತ್ತಿನಲ್ಲಿ ಅದು ಏಳುವುದೇ ಇಲ್ಲ, ಭಾರದೊಂದಿಗೆ ಹೊರಡುವಾಗ ಟ್ರಕ್ ತೂಕಡಿಸುತ್ತದೆ. ಎಳೆಯುವ ಕೆಲಸದ ಟ್ರಕ್ಕಿಗೆ ಮೂಲ ಟರ್ಬೊಗಿಂತ ಒಂದು ಮೆಟ್ಟಿಲು ದೊಡ್ಡದು ಸಾಕು. ಏರ್ ಫಿಲ್ಟರ್ ಮತ್ತು ಎಕ್ಸಾಸ್ಟ್ ಪೈಪಿನಿಂದ ಸಿಗುವ ಲಾಭ ಚಿಕ್ಕದು. ಸದ್ದು ಮಾತ್ರ ದೊಡ್ಡದು.

ಇಂಧನ ಹೆಚ್ಚಿಸುವ ವಿಧಾನ ಇಂಜೆಕ್ಷನ್ ವ್ಯವಸ್ಥೆಯ ಪೀಳಿಗೆಯನ್ನು ಅವಲಂಬಿಸಿದೆ. 1994ರಿಂದ 1998ರವರೆಗಿನ ಡಾಜ್ ರ‍್ಯಾಮ್ ಟ್ರಕ್ಕುಗಳ ಕಮಿನ್ಸ್‌ನಲ್ಲಿರುವ ಬಾಷ್ ಪಿ7100 ಪಂಪ್ ಪೂರ್ತಿ ಯಾಂತ್ರಿಕವಾದದ್ದು. ಅದರಲ್ಲಿ ಗರಿಷ್ಠ ಇಂಧನವನ್ನು ಒಂದು ಲೋಹದ ಫ್ಯೂಯಲ್ ಪ್ಲೇಟ್ ನಿರ್ಧರಿಸುತ್ತದೆ; ಬೂಸ್ಟ್ ಬರುವ ತನಕ ಇಂಧನವನ್ನು ಹಿಡಿದಿಡುವ ಕೆಲಸ ಎಎಫ್‌ಸಿ ಎಂಬ ಡಯಾಫ್ರಮ್ಮಿನದು. ಪ್ಲೇಟನ್ನು ಸರಿಸಿ ಎಎಫ್‌ಸಿಯನ್ನು ತಾಳ್ಮೆಯಿಂದ ಹೊಂದಿಸಿದರೆ ಹೊಗೆಯಿಲ್ಲದೆಯೂ ಶಕ್ತಿ ಹೆಚ್ಚಿಸಬಹುದು. ಅದರ ನಂತರ ಬಂದ, 24 ವಾಲ್ವ್‌ಗಳ ಎಂಜಿನ್ನಿನ ವಿಪಿ44 ಪಂಪ್ ಎಲೆಕ್ಟ್ರಾನಿಕ್. ಹರಿದುಹೋಗುವ ಡೀಸೆಲ್ಲೇ ಅದನ್ನು ತಂಪಾಗಿಸುತ್ತದೆ, ಅದಕ್ಕೆ ಜಾರುತನವನ್ನೂ ಕೊಡುತ್ತದೆ. ಟ್ಯಾಂಕಿನಿಂದ ಡೀಸೆಲ್ ತಂದುಕೊಡುವ ಲಿಫ್ಟ್ ಪಂಪ್ ಸೋತರೆ ಇದೂ ಸಾಯುತ್ತದೆ. ಅಂಥ ಟ್ರಕ್ಕಿನ ಮೊದಲ ಅಪ್‌ಗ್ರೇಡ್ ಟ್ಯೂನರ್ ಪೆಟ್ಟಿಗೆಯಲ್ಲ, ಒಳ್ಳೆಯ ಲಿಫ್ಟ್ ಪಂಪ್ ಮತ್ತು ಇಂಧನ ಒತ್ತಡದ ಮೀಟರ್. ಪೂರ್ಣ ಭಾರದಲ್ಲೂ ಒತ್ತಡ ಸುಮಾರು 0.7 ಬಾರ್‌ಗಿಂತ ಕೆಳಗೆ ಬೀಳಬಾರದು. ಫೋರ್ಡ್‌ನ 7.3 ಲೀಟರ್ ಪವರ್‌ಸ್ಟ್ರೋಕ್‌ನದು ಇನ್ನೊಂದೇ ಬಗೆ: ಅಲ್ಲಿ ಎಂಜಿನ್ ಆಯಿಲ್ಲೇ ಹೆಚ್ಚಿನ ಒತ್ತಡದಲ್ಲಿ ಇಂಜೆಕ್ಟರಿನ ಪಿಸ್ಟನ್ನನ್ನು ತಳ್ಳುತ್ತದೆ, ಆ ಒತ್ತಡ ಸುಮಾರು ಏಳು ಪಟ್ಟಾಗಿ ಇಂಧನಕ್ಕೆ ದಾಟುತ್ತದೆ. 200 ಬಾರ್ ಆಯಿಲ್ ಒತ್ತಡದಿಂದ 1,400 ಬಾರ್ ಇಂಧನ ಒತ್ತಡ! ಹಾಗಾಗಿ ಈ ಎಂಜಿನ್ನಿನಲ್ಲಿ ಹಳಸಿದ, ನೊರೆಗಟ್ಟಿದ ಆಯಿಲ್ ಇಂಧನ ವ್ಯವಸ್ಥೆಯದೇ ದೋಷವೆನಿಸುತ್ತದೆ. ದೊಡ್ಡ ಇಂಜೆಕ್ಟರ್ ಹಾಕುವವರು ಆಯಿಲ್ ಪಂಪಿನ ಸಾಮರ್ಥ್ಯವನ್ನೂ ನೋಡಬೇಕಾಗುತ್ತದೆ.

ಇಂಜೆಕ್ಷನ್ ಟೈಮಿಂಗನ್ನು, ಅಂದರೆ ಇಂಧನ ಸಿಂಪಡಿಸುವ ಗಳಿಗೆಯನ್ನು, ತುಸು ಬೇಗ ಬರುವಂತೆ ಮಾಡಿದರೆ ಇಂಧನ ಬೇಗ ಉರಿಯತೊಡಗಿ ಎಕ್ಸಾಸ್ಟಿನ ತಾಪ ಇಳಿಯುತ್ತದೆ. ಇದನ್ನು ಉಚಿತ ಲಾಭವೆಂದು ಎಣಿಸಬಾರದು, ಶಾಖ ಇಳಿದಲ್ಲಿ ಸಿಲಿಂಡರಿನೊಳಗಿನ ಗರಿಷ್ಠ ಒತ್ತಡ ಏರಿರುತ್ತದೆ, ಅದನ್ನು ತಡೆಯುವ ಹೊಣೆ ಹೆಡ್ ಗ್ಯಾಸ್ಕೆಟ್ ಮತ್ತು ಹೆಡ್ ಬೋಲ್ಟುಗಳ ಮೇಲೆ ಬೀಳುತ್ತದೆ. ಫೋರ್ಡ್‌ನದೇ 6.0 ಲೀಟರ್ ಎಂಜಿನ್ ಇಲ್ಲಿ ಪಾಠ ಹೇಳುತ್ತದೆ: ಪ್ರತಿ ಸಿಲಿಂಡರಿನ ಸುತ್ತ ನಾಲ್ಕೇ ಬೋಲ್ಟುಗಳಿರುವುದರಿಂದ, ಒತ್ತಡ ಹೆಚ್ಚಿದಾಗ ಅವು ಹಿಗ್ಗಿ ಹೆಡ್ ಎದ್ದು ಕೂಲೆಂಟ್ ಹೊರದೂಡಲ್ಪಡುತ್ತದೆ. ಗಟ್ಟಿ ಸ್ಟಡ್‌ಗಳನ್ನು ಹಾಕದೆ ಅದರ ಟ್ಯೂನಿಂಗಿಗೆ ಕೈಹಾಕಬಾರದು.

ಇಷ್ಟಾದ ಮೇಲೆ ಟಾರ್ಕ್, ಅಂದರೆ ತಿರುಗಿಸುವ ಬಲ, ಹರಿಯುವ ದಾರಿ ಉಳಿಯುತ್ತದೆ. 1,600 ಸುತ್ತಿನಲ್ಲಿ 600 ನ್ಯೂಟನ್ ಮೀಟರ್ ಎಂದರೆ ಸುಮಾರು 100 ಕಿಲೋವಾಟ್. ಅದೇ ಸುತ್ತಿನಲ್ಲಿ 150 ಕಿಲೋವಾಟ್ ಬೇಕೆಂದರೆ ಟಾರ್ಕ್ 900ಕ್ಕೆ ಏರಲೇಬೇಕು. ಮೂಲ ಕ್ಲಚ್ ಅಷ್ಟನ್ನು ಹಿಡಿಯಲಾರದೆ ಜಾರುತ್ತದೆ, ಆಟೊಮ್ಯಾಟಿಕ್‌ನಲ್ಲಾದರೆ ಟಾರ್ಕ್ ಕನ್ವರ್ಟರಿನ ಲಾಕಪ್ ಕ್ಲಚ್ ಜಾರಿ ಗೇರ್‌ಬಾಕ್ಸಿನ ಆಯಿಲ್ ಬಿಸಿಯಾಗುತ್ತದೆ. ಬ್ರೇಕ್, ಆಕ್ಸಲ್ ಮತ್ತು ಫ್ರೇಮ್ ಮೊದಲಿನವೇ ಆಗಿರುವುದರಿಂದ, ಎಂಜಿನ್ ಎಷ್ಟೇ ಬಲಗೊಂಡರೂ ತಯಾರಕರು ನಿಗದಿಪಡಿಸಿದ ಎಳೆಯುವ ತೂಕದ ಮಿತಿ ಹೆಚ್ಚುವುದಿಲ್ಲ. ಹೊಗೆ ನಿಯಂತ್ರಣದ ಉಪಕರಣಗಳನ್ನು ಕಿತ್ತುಹಾಕುವ ಟ್ಯೂನ್‌ಗಳು ಈ ಟ್ರಕ್ಕುಗಳ ತವರಾದ ಅಮೆರಿಕದಲ್ಲಿ ಕ್ಲೀನ್ ಏರ್ ಆ್ಯಕ್ಟ್ ಪ್ರಕಾರ ಕಾನೂನುಬಾಹಿರ. ಅವುಗಳನ್ನು ಆಯ್ಕೆಯ ಪಟ್ಟಿಯಲ್ಲಿ ಇಟ್ಟುಕೊಳ್ಳಲೇಬಾರದು.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಅದೇ ಏರಿನಲ್ಲಿ, ಅದೇ ಭಾರದೊಂದಿಗೆ, ಅದೇ ಗೇರಿನಲ್ಲಿ ಮೀಟರುಗಳನ್ನು ಓದಿ ಬರೆದಿಟ್ಟುಕೊಳ್ಳಬೇಕು. ಬೂಸ್ಟ್ ಮೊದಲಿನಷ್ಟೇ ಇದ್ದು ತಾಪ ಮಾತ್ರ ಏರಿದ್ದರೆ ಇಂಧನ ಹೆಚ್ಚಾಗಿದೆ, ಗಾಳಿ ಹೆಚ್ಚಾಗಿಲ್ಲ. ಎರಡೂ ಏರಿ ವೇಗ ಮಾತ್ರ ಹೆಚ್ಚದಿದ್ದರೆ ಕ್ಲಚ್ ಅಥವಾ ಕನ್ವರ್ಟರ್ ಜಾರುತ್ತಿದೆಯೇ ಎಂದು ಎಂಜಿನ್ನಿನ ಸುತ್ತು ತೋರಿಸುವ ಟ್ಯಾಕೋಮೀಟರಿನಲ್ಲಿ ನೋಡಬೇಕು. ವೇಗ ಹೆಚ್ಚಿಯೂ ತಾಪ 680ರ ಒಳಗೇ ನಿಂತಿದ್ದರೆ ಮುಂದಿನ ಭಾಗದ ಬಗ್ಗೆ ಯೋಚಿಸಬಹುದು.