ಬಿದ್ದರು, ಎದ್ದರು, ಮತ್ತೆ ಆಡಿದರು: ಮಾರಿಸ್ ಸ್ಟೋಕ್ಸ್ ಕಥೆ

ಹೆಗಲು ನೋವು ಅಂತ ಒಬ್ಬ ಕಬಡ್ಡಿ ಹುಡುಗ ನಮ್ಮ ಫಿಸಿಯೋಥೆರಪಿ ಕ್ಲಿನಿಕ್‌ಗೆ ಬಂದಿದ್ದ. ಜೊತೆಗೆ ಅವನ ಅಪ್ಪ. ಹೇಗೆ ಬಿದ್ದೆ ಅಂತ ವಿಚಾರಿಸುತ್ತಿದ್ದಾಗ ಅಪ್ಪನೇ ಹೇಳಿದರು: "ತಲೆನೂ ನೆಲಕ್ಕೆ ಬಡೀತು ಮೇಡಂ. ಸ್ವಲ್ಪ ಹೊತ್ತು ಎಚ್ಚರ ಇರಲಿಲ್ಲ. ಮುಖಕ್ಕೆ ನೀರು ಹಾಕಿದ್ವಿ, ಎದ್ದು ಉಳಿದ ಆಟಾನೂ ಆಡಿದ." ಮಾತಿನಲ್ಲಿ ಹೆಮ್ಮೆ ಇತ್ತು. ನಾನು ಹೆಗಲನ್ನು ಅಲ್ಲಿಗೇ ಬಿಟ್ಟು, ಮೊದಲು ನರರೋಗ ತಜ್ಞರಿಗೆ ತೋರಿಸಿ ಅಂತ ಚೀಟಿ ಬರೆದುಕೊಟ್ಟೆ. ಅವರಿಗೆ ಬೇಜಾರಾಯಿತು. ನಾಲ್ಕು ದಿನ ಆಯ್ತಲ್ಲ, ಹುಡುಗ ಆರಾಮಾಗಿದ್ದಾನೆ ಅಂದರು. ಆಗ ಅವರಿಬ್ಬರಿಗೂ ಬಾಸ್ಕೆಟ್‌ಬಾಲ್ ಆಟಗಾರ ಮಾರಿಸ್ ಸ್ಟೋಕ್ಸ್ ಕಥೆ ಹೇಳಿದೆ.

ಸ್ಟೋಕ್ಸ್ ಹುಟ್ಟಿದ್ದು 1933ರಲ್ಲಿ, ಅಮೆರಿಕದ ಪಿಟ್ಸ್‌ಬರ್ಗ್ ಹತ್ತಿರದ ರ್‍ಯಾಂಕಿನ್‌ನಲ್ಲಿ. ತಂದೆ ಉಕ್ಕಿನ ಕಾರ್ಖಾನೆಯ ಕಾರ್ಮಿಕ. ಲೊರೆಟ್ಟೊದ ಸೇಂಟ್ ಫ್ರಾನ್ಸಿಸ್ ಅನ್ನುವ ಸಣ್ಣ ಕಾಲೇಜಿನಲ್ಲಿ ಓದುತ್ತಲೇ ಹೆಸರು ಮಾಡಿ, 1955ರಲ್ಲಿ ರಾಚೆಸ್ಟರ್ ರಾಯಲ್ಸ್ ತಂಡ ಸೇರಿದರು. ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಕಪ್ಪು ಆಟಗಾರರಿಗೆ ಬಾಗಿಲು ತೆರೆದು ಆಗಿನ್ನೂ ಐದೇ ವರ್ಷ.

6 ಅಡಿ 7 ಇಂಚು ಎತ್ತರ, ನೂರು ಕೆಜಿ ಮೀರಿದ ಮೈಕಟ್ಟು. ಆದರೆ ಅವರ ವಿಶೇಷ ಬರೀ ಗಾತ್ರ ಅಲ್ಲ. ಬುಟ್ಟಿಗೆ ತಾಗಿ ವಾಪಸ್ ಚಿಮ್ಮಿದ ಚೆಂಡನ್ನು ಹಿಡಿಯುವುದೇ ರಿಬೌಂಡ್. ಆ ಕಾಲದ ದೊಡ್ಡ ಮೈಯ ಆಟಗಾರರು ಹಾಗೆ ಹಿಡಿದ ಚೆಂಡನ್ನು ಸಣ್ಣ ಆಟಗಾರರ ಕೈಗೆ ಕೊಟ್ಟು ಸುಮ್ಮನಾಗುತ್ತಿದ್ದರು. ಸ್ಟೋಕ್ಸ್ ಮಾತ್ರ ಹಿಡಿದು, ತಾವೇ ಪುಟಿಸುತ್ತಾ ಓಡಿ, ಸರಿಯಾದವನಿಗೆ ಪಾಸ್ ಕೊಡುತ್ತಿದ್ದರು. ಮೊದಲ ಋತುವಿನಲ್ಲೇ ಪಂದ್ಯಕ್ಕೆ ಸರಾಸರಿ 16.8 ಅಂಕ, 16.3 ರಿಬೌಂಡ್, ವರ್ಷದ ಹೊಸ ಆಟಗಾರ ಪ್ರಶಸ್ತಿ. ಎರಡನೇ ವರ್ಷ ರಿಬೌಂಡ್‌ನಲ್ಲಿ ಇಡೀ ಲೀಗ್‌ಗೇ ಮೊದಲು. ಮೂರನೇ ವರ್ಷ ರಿಬೌಂಡ್‌ನಲ್ಲಿ ಎರಡನೆಯವರು, ಗೋಲಿಗೆ ದಾರಿ ಮಾಡಿಕೊಡುವ ಅಸಿಸ್ಟ್‌ನಲ್ಲಿ ಮೂರನೆಯವರು. ಒಬ್ಬನೇ ಮನುಷ್ಯ ಇವೆರಡನ್ನೂ ಮಾಡುವುದು ಇವತ್ತಿಗೂ ಅಪರೂಪ. ಮೂರು ವರ್ಷವೂ ಆಲ್ ಸ್ಟಾರ್, ಅಂದರೆ ಲೀಗ್‌ನ ಆಯ್ದ ಆಟಗಾರರ ಪಂದ್ಯಕ್ಕೆ ಆಯ್ಕೆ.

1958ರ ಮಾರ್ಚ್ 12. ತಂಡ ಅಷ್ಟೊತ್ತಿಗೆ ರಾಚೆಸ್ಟರ್ ಬಿಟ್ಟು ಓಹಾಯೊ ರಾಜ್ಯದ ಸಿನ್ಸಿನಾಟಿಗೆ ನೆಲೆ ಬದಲಿಸಿತ್ತು. ಮಿನಿಯಾಪೊಲಿಸ್‌ನಲ್ಲಿ ಲೀಗ್ ಹಂತದ ಕೊನೆಯ ಪಂದ್ಯ. ಬುಟ್ಟಿಯತ್ತ ನುಗ್ಗಿದ ಸ್ಟೋಕ್ಸ್ ಡಿಕ್ಕಿಯಾಗಿ ಬಿದ್ದರು, ತಲೆ ನೆಲಕ್ಕೆ ಬಡಿಯಿತು, ಪ್ರಜ್ಞೆ ಹೋಯಿತು. ಅಮೋನಿಯಾ ವಾಸನೆಯ ಉಪ್ಪನ್ನು ಮೂಗಿಗೆ ಹಿಡಿದು ಎಬ್ಬಿಸಿದರು. ಮತ್ತೆ ಆಡಿದರು.

ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮಲ್ಲಿ ಈರುಳ್ಳಿ ಜಜ್ಜಿ ಮೂಗಿಗೆ ಹಿಡಿಯುತ್ತಾರಲ್ಲ, ಅದೇ ಲೆಕ್ಕ. ಘಾಟು ಮೂಗಿನ ಒಳಪದರವನ್ನು ಚುಚ್ಚುತ್ತದೆ, ಉಸಿರು ಜೋರಾಗಿ ಒಳಗೆ ಹೋಗುತ್ತದೆ, ಕಣ್ಣು ಬಿಡುತ್ತಾರೆ. ಪೆಟ್ಟು ತಿಂದ ಮಿದುಳಿಗೆ ಇದರಿಂದ ಏನೂ ಉಪಯೋಗ ಆಗುವುದಿಲ್ಲ. ತಲೆಬುರುಡೆ ಗಟ್ಟಿ ಡಬ್ಬಿ ಇದ್ದಹಾಗೆ. ಒಳಗೆ ಊತವೋ ರಕ್ತವೋ ನಿಧಾನಕ್ಕೆ ಜಾಸ್ತಿಯಾದರೆ ಅದಕ್ಕೆ ಹೋಗಲು ಜಾಗ ಇರುವುದಿಲ್ಲ, ಹಾಗಾಗಿ ಎದ್ದು ಓಡಾಡಿ ಊಟ ಮಾಡಿ ನಗುತ್ತಿದ್ದವರೂ ಗಂಟೆಗಳ ಮೇಲೆ, ಕೆಲವೊಮ್ಮೆ ದಿನಗಳ ಮೇಲೆ ಕುಸಿಯಬಹುದು. ಈಗಿನ ನಿಯಮ ಸ್ಪಷ್ಟ: ತಲೆಗೆ ಪೆಟ್ಟು ಬಿದ್ದು ಎಚ್ಚರ ತಪ್ಪಿದವರು ಆ ದಿನ ಮತ್ತೆ ಕಣಕ್ಕೆ ಇಳಿಯುವಂತಿಲ್ಲ.

ಮೂರು ದಿನ ಕಳೆಯಿತು. ಡೆಟ್ರಾಯಿಟ್‌ನಲ್ಲಿ ಪ್ಲೇಆಫ್, ಅಂದರೆ ಲೀಗ್ ಹಂತದ ನಂತರದ ನಾಕೌಟ್ ಸುತ್ತಿನ ಪಂದ್ಯ. ಸ್ಟೋಕ್ಸ್ 12 ಅಂಕ, 15 ರಿಬೌಂಡ್ ಗಳಿಸಿದರು. ವಾಪಸ್ ಬರುವ ವಿಮಾನದಲ್ಲಿ ಫಿಟ್ಸ್ ಬಂತು, ಕೋಮಾಕ್ಕೆ ಹೋದರು. ಎಚ್ಚರ ಬಂದಾಗ ಕೈಕಾಲು ಆಡುತ್ತಿರಲಿಲ್ಲ, ಮಾತಿರಲಿಲ್ಲ. ಹಾನಿಯಾಗಿದ್ದು ಚಲನೆ ನಡೆಸುವ ಭಾಗಕ್ಕೆ. ಬುದ್ಧಿ, ನೆನಪು ಎಲ್ಲ ಹಾಗೇ ಇತ್ತು. ಆಗ ಅವರಿಗೆ 24 ವರ್ಷ.

ಆಸ್ಪತ್ರೆ ಖರ್ಚು ದೊಡ್ಡದು. ತಂಡದ ಜೊತೆಗಾರ ಜ್ಯಾಕ್ ಟ್ವೈಮನ್, ಸ್ಟೋಕ್ಸ್‌ಗಿಂತ ಒಂದು ವರ್ಷ ಚಿಕ್ಕವರು, ಬಿಳಿಯ, ಕಾನೂನು ಪ್ರಕಾರ ಅವರ ಪಾಲಕರಾದರು. ಓಹಾಯೊ ರಾಜ್ಯದಿಂದ ಕಾರ್ಮಿಕರ ಪರಿಹಾರ ಕೊಡಿಸಿದರು. ಕಟ್ಷರ್ಸ್ ಹೋಟೆಲ್‌ನಲ್ಲಿ ವರ್ಷ ವರ್ಷ ಸಹಾಯಾರ್ಥ ಪಂದ್ಯ ನಡೆಸಿ ದುಡ್ಡು ಕೂಡಿಸಿದರು.

ನನಗೆ ತುಂಬಾ ಹತ್ತಿರವಾದದ್ದು ಬೇರೆಯೇ. ಸ್ಟೋಕ್ಸ್ ಕಣ್ಣು ಮಿಟುಕಿಸಬಲ್ಲರು. ಟ್ವೈಮನ್ ಹಾಸಿಗೆ ಪಕ್ಕ ಕೂತು ಇಂಗ್ಲಿಷ್ ಅಕ್ಷರಮಾಲೆ ಹೇಳುತ್ತಾ ಹೋಗುವುದು, ಬೇಕಾದ ಅಕ್ಷರ ಬಂದಾಗ ಸ್ಟೋಕ್ಸ್ ಮಿಟುಕಿಸುವುದು, ಮತ್ತೆ ಎ ಇಂದ ಶುರು. ಲೆಕ್ಕ ಹಾಕಿ ನೋಡಿ. 'ಜ್ಯಾಕ್' ಅನ್ನುವ ನಾಲ್ಕು ಅಕ್ಷರದ ಹೆಸರಿಗೇ ಜೆ ವರೆಗೆ ಹತ್ತು, ಎ ಗೆ ಒಂದು, ಸಿ ಗೆ ಮೂರು, ಕೆ ಗೆ ಹನ್ನೊಂದು, ಒಟ್ಟು 25 ಸಲ ಬಾಯಿಬಿಡಬೇಕು. ಒಂದು ವಾಕ್ಯಕ್ಕೆ ಎಷ್ಟಾದೀತು! ಮಾತು ನಿಂತ ರೋಗಿಗೆ ಏನೂ ಅರ್ಥವಾಗುವುದಿಲ್ಲ ಅಂದುಕೊಂಡು ಮನೆಯವರು ಅವರ ಎದುರೇ ಏನೇನೋ ಮಾತಾಡುವುದನ್ನು ನಾನು ವಾರ ವಾರ ನೋಡುತ್ತೇನೆ. ಟ್ವೈಮನ್ ಹಾಗೆ ಅಂದುಕೊಳ್ಳಲಿಲ್ಲ. ಇಷ್ಟೆಲ್ಲ ಮಾಡುತ್ತಲೇ 1959-60ರಲ್ಲಿ ಪಂದ್ಯಕ್ಕೆ 31.2 ಅಂಕ ಗಳಿಸಿದವರು ಅವರು.

ವರ್ಷಗಟ್ಟಲೆ ವ್ಯಾಯಾಮದಿಂದ ಬೆರಳು ಸ್ವಲ್ಪ ಹತೋಟಿಗೆ ಬಂತು. ಟೈಪ್‌ರೈಟರ್‌ನಲ್ಲಿ ಮೊದಲು ಕುಟ್ಟಿದ್ದು ಜ್ಯಾಕ್‌ಗೆ, ನಿನಗೆ ಹೇಗೆ ಥ್ಯಾಂಕ್ಸ್ ಹೇಳಲಿ ಅಂತ. 1970ರ ಏಪ್ರಿಲ್ 6ರಂದು ಹೃದಯಾಘಾತದಿಂದ ತೀರಿಕೊಂಡಾಗ ವಯಸ್ಸು 36. 2004ರಲ್ಲಿ ಬಾಸ್ಕೆಟ್‌ಬಾಲ್‌ನ ಶ್ರೇಷ್ಠರ ಸಾಲಿಗೆ ಸೇರಿಸುವ ಹಾಲ್ ಆಫ್ ಫೇಮ್ ಗೌರವ ಬಂತು, ಅವರ ಪರವಾಗಿ ಅದನ್ನು ಸ್ವೀಕರಿಸಿದ್ದು ಟ್ವೈಮನ್. 202 ಪಂದ್ಯಗಳನ್ನಷ್ಟೇ ಆಡಿದ್ದರೂ ಅವರಿಗೆ ಅದು ಮೂವತ್ತು ವರ್ಷ ಮೊದಲೇ ಸಿಗಬೇಕಿತ್ತು ಅನ್ನುವುದು ನನ್ನ ಅಭಿಪ್ರಾಯ.

ಅಪ್ಪ ಪೂರ್ತಿ ಕೇಳಿಸಿಕೊಂಡರು. ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ ಮಗನ ಕಡೆ ತಿರುಗಿ, "ಮೊನ್ನೆ ರಾತ್ರಿ ಎರಡು ಸಲ ವಾಂತಿ ಆಯ್ತಲ್ಲ, ಮೇಡಂಗೆ ಹೇಳೋ" ಅಂದರು. ನಾನು ಚೀಟಿ ವಾಪಸ್ ತೆಗೆದುಕೊಂಡು ಮೇಲುಗಡೆ 'ಈಗಲೇ' ಅಂತ ಬರೆದೆ.